ಬೆಂಗಳೂರಿಂದ ಲಂಡನ್‌ಗೆ ಎಷ್ಟ್ ತಾಸ್ ಆಗತೈತ್ರಿ?

ಪ್ರಶ್ನೆ (ಬೆಳಗಾವಿ): ಅವ್ವ ಮೊದಲ್ನೇ ಸಲ ಒಬ್ಬಾಕೀನ ಲಂಡನ್‌ಗೆ ಅಕ್ಕನ ಹಂತ್ಯಾಕ ಹೊಂಟಾಳ್ರಿ, ಸಾಂಬ್ರಾ ಏರ್‌ಪೋರ್ಟ್‌ನಿಂದ (ನಮ್ಮ ಬೆಳಗಾವೀದು) ಬೆಂಗಳೂರು, ಅಲ್ಲಿಂದ ಡೈರೆಕ್ಟ್ ಫ್ಲೈಟ್. ಟಿಕೆಟ್‌ನ್ಯಾಗ ಮಧ್ಯಾಹ್ನ ಹೊಂಟು ಸಂಜೀಕ ಮುಟ್ಟತೈತಿ ಅಂತ ಐತಿ, ಇಷ್ಟ್ ಲಗೂ ಹೆಂಗ?

ಉತ್ತರ: ಅದು ಆಯಾ ಊರಿನ ಟೈಮ್ ರೀ. ಸುಮಾರು 8,000 ಕಿಮೀ ಐತಿ, ಹತ್ತೂವರಿ-ಹನ್ನೊಂದ್ ತಾಸ್ ಬೇಕು. ಲಂಡನ್ ಬ್ಯಾಸಿಗ್ಯಾಗ ನಮಗಿಂತ ನಾಲ್ಕೂವರಿ ತಾಸ್ ಹಿಂದ, ಚಳಿಗಾಲದಾಗ ಐದೂವರಿ.

ಉತ್ತರ: ಬರೂಮುಂದ ಸ್ವಲ್ಪ ಲಗೂ ಬರತೈತಿ, ಮ್ಯಾಲ ಪಶ್ಚಿಮದಿಂದ ಪೂರ್ವಕ್ಕ ಬೀಸೋ ಜೋರ್ ಗಾಳಿ ಹಿಂದಿನಿಂದ ದೂಡತೈತಿ. ಆದ್ರ ಟಿಕೆಟ್ ಬ್ಯಾರೆ ಬ್ಯಾರೆ ಬುಕ್ ಮಾಡಿದ್ರ ಬೆಂಗಳೂರಾಗ ಬ್ಯಾಗ್ ತಗೊಂಡು ಮತ್ತ ಚೆಕ್-ಇನ್, ಇಮಿಗ್ರೇಷನ್ ಎಲ್ಲಾ ಆಗಬೇಕು, ನಡಕ ಐದ್ ತಾಸರ ಇಡ್ರಿ. ವೀಲ್‌ಚೇರ್ ಮೊದಲ ಹೇಳಿಡ್ರಿ, ಗೇಟ್ ತನಕ ಕರಕೊಂಡ್ ಹೋಗತಾರ.

ಪ್ರಶ್ನೆ ಕೇಳಿದವ್ರು: ಬ್ಯಾರೆ ಬ್ಯಾರೆನ ಅದಾವ್ರಿ, ಹಿಂದಿನ ದಿನಾನ ಕಳಸ್ತೀನಿ ಹಂಗಾರ.