ಸಹಾಯ ಬೇಕು: ವಿಷತ್ಯಾಜ್ಯ ಜಾಗದ ಡಿಪಿಆರ್ ಟೆಂಡರ್

ಎಲ್ಲರಿಗೂ ನಮಸ್ಕಾರ ರೀ. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಸಣ್ಣ ಸಿವಿಲ್ ಕನ್ಸಲ್ಟೆನ್ಸಿ. ಪ್ಲೇಟಿಂಗ್ (ಲೋಹಕ್ಕೆ ಲೇಪನ ಹಾಕುವ) ಘಟಕದ ಕೆಸರು ಸುರಿದು ಹಾಳಾದ ಜಾಗವೊಂದರ ಸರ್ವೆ, ಡಿಪಿಆರ್ (ವಿವರವಾದ ಯೋಜನಾ ವರದಿ) ಕೆಲಸಕ್ಕೆ ಟೆಂಡರ್ ಹಾಕಬೇಕು ಅಂತಿದ್ದೇವೆ. ಅಲ್ಲಿನ ಬೋರ್‌ವೆಲ್ ನೀರು ತೆಳು ಹಳದಿ. ಕ್ರೋಮಿಯಂ ಇರಬೇಕು ಅನ್ನೋ ಅನುಮಾನ.

ಆಯ್ಕೆ ಕ್ಯೂಸಿಬಿಎಸ್ ಪದ್ಧತಿಯಲ್ಲಿ, ಅಂದ್ರೆ ಗುಣಮಟ್ಟ, ದರ ಎರಡನ್ನೂ ನೋಡಿ. ತಾಂತ್ರಿಕ ಬಿಡ್‌ನಲ್ಲಿ ಪಾಸಾದರೆ ಮಾತ್ರ ದರದ ಬಿಡ್ ತೆರೆಯುತ್ತಾರೆ, ಆಮೇಲೆ ಎರಡರ ಅಂಕ ಕೂಡಿಸುತ್ತಾರೆ. ಅಲ್ಲೇ ನಮಗೆ ಪೆಟ್ಟು. ರಸ್ತೆ, ಚರಂಡಿ ಅನುಭವ ಜಾಸ್ತಿ, ಇಂಥ ಕೆಲಸದ್ದು ಇಲ್ಲ. ಜಂಟಿ ಬಿಡ್‌ಗೆ ಅವಕಾಶ ಇದೆ. ಅನುಭವಿ ಸಂಸ್ಥೆ ಜೊತೆ ಸೇರಿ ಹಾಕಿದವರು ಇದ್ದೀರಾ? ಒಪ್ಪಂದದಲ್ಲಿ ಹೊಣೆ ಹೇಗೆ ಹಂಚಿಕೊಂಡಿರಿ?

ಇನ್ನೊಂದು, ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್ ಬೇಕು. ಮಾನ್ಯತೆ ಇದ್ದರಷ್ಟೇ ಸಾಲದು, ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ಪರೀಕ್ಷೆ ಆ ಲ್ಯಾಬ್‌ಗೆ ಮಾನ್ಯತೆ ಸಿಕ್ಕ ಪರೀಕ್ಷೆಗಳ ಪಟ್ಟಿಯಲ್ಲೇ ಇರಬೇಕು. ಹುಬ್ಬಳ್ಳಿ ಕಡೆ ಇದ್ದರೂ ಆದೀತು.

ಕಲುಷಿತ ಜಾಗಗಳ 2025ರ ಕೇಂದ್ರ ನಿಯಮ ಓದಿದ್ದೇನೆ. ಸುಮ್ನೆ ‘ನಿಯಮ ಓದ್ರಿ’ ಅನ್ನಬೇಡಿ, ಕೆಲಸ ಮಾಡಿದವರು ಹೇಳಿ.