ಅಪ್‌ಡೇಟ್: ಪ್ರೊಪೆಲ್ಲರ್ ಪಿಚ್ ಹಾರಿಸಿಯೇ ನೋಡಿದೆವು

ರೋಟಾಕ್ಸ್ 912 ಯುಎಲ್‌ಎಸ್ ಎಂಜಿನ್ ಇರುವ ನಮ್ಮ ಎರಡು ಸೀಟಿನ ವಿಮಾನಕ್ಕೆ ಪಿಚ್ (ಪ್ರೊಪೆಲ್ಲರ್ ಅಲಗುಗಳ ಓರೆ ಕೋನ) ಎಷ್ಟಿಡಬೇಕು, ಪ್ರೊಪೆಲ್ಲರ್ ದಕ್ಷತೆ, ಅಂದರೆ ಎಂಜಿನ್ ಶಕ್ತಿಯಲ್ಲಿ ಎಷ್ಟು ಭಾಗ ವಿಮಾನ ಎಳೆಯಲು ಬಳಕೆಯಾಗುತ್ತದೆ ಎಂಬುದನ್ನು ಹೇಗೆ ಅಳೆಯಬೇಕು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಪಿಚ್ ಕಡಿಮೆ, ಹೆಚ್ಚು ಮಾಡಿ, ಏರುವಾಗಲೂ ನೇರ ಹಾರಾಟದಲ್ಲೂ ಪರೀಕ್ಷಿಸಿದೆವು. ಏರುವ ಪರೀಕ್ಷೆಯೇ ಜಾಸ್ತಿ ಕಷ್ಟ. ಮೇಲೆ ಹೋದಂತೆ ಗಾಳಿಯ ವೇಗ ಬದಲಾಗುತ್ತದೆ. ಎದುರುಗಾಳಿಗೆ ಏರಿದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಗಾಳಿಗೆ ಅಡ್ಡಲಾಗಿ, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಮುಖ ಮಾಡಿ ಏರಿ ಸರಾಸರಿ ತೆಗೆದೆವು. 600 ಕಿಲೋ ವಿಮಾನ ಸೆಕೆಂಡಿಗೆ 5 ಮೀಟರ್ ಏರಲು, ಬರೀ ಭಾರ ಎತ್ತೋದಕ್ಕೇ ಸುಮಾರು 29 ಕಿಲೋವ್ಯಾಟ್ ಬೇಕು. ಡ್ರ್ಯಾಗ್ (ಗಾಳಿಯ ಎಳೆತ) ಮೀರುವ ಶಕ್ತಿಯನ್ನೂ ಅದಕ್ಕೆ ಸೇರಿಸಿ, ಎಂಜಿನ್ ಕೊಡುವ ಶಕ್ತಿಯಿಂದ ಭಾಗಿಸಿದರೆ ದಕ್ಷತೆ ಸಿಗುತ್ತದೆ. ಡ್ರ್ಯಾಗ್ ತಿಳಿಯಲು ಅದೇ ವೇಗದಲ್ಲಿ, ಎಂಜಿನ್ ಐಡಲ್‌ನಲ್ಲಿಟ್ಟು (ಕನಿಷ್ಠ ವೇಗದಲ್ಲಿ ಓಡಿಸಿ) ಗ್ಲೈಡ್ ಮಾಡಿದೆವು, ಅಂದರೆ ಜಾರುತ್ತಾ ಇಳಿದೆವು. ಆದರೆ ಎಂಜಿನ್ ಐಡಲ್‌ನಲ್ಲಿದ್ದಾಗ ಪ್ರೊಪೆಲ್ಲರೇ ಗಾಳಿಯನ್ನು ತಡೆಯುತ್ತದೆ, ಆ ತಡೆಯನ್ನು ಅಳೆದ ಡ್ರ್ಯಾಗ್‌ನಿಂದ ಕಳೆಯಲೇಬೇಕು.

ಕಡಿಮೆ ಪಿಚ್‌ನಲ್ಲಿ ಏರಿಕೆ ನಿಜಕ್ಕೂ ಚೆನ್ನಾಗಿತ್ತು. ಎಂಜಿನ್ ಸಲೀಸಾಗಿ ಆರ್‌ಪಿಎಂ (ನಿಮಿಷಕ್ಕೆ ಸುತ್ತುಗಳು) ಹಿಡಿಯುತ್ತದೆ. ನೇರ ಹಾರಾಟದಲ್ಲಿ ಮಾತ್ರ ಎಂಜಿನ್‌ನ ನಿರಂತರ ಮಿತಿಯಾದ 5500 ಆರ್‌ಪಿಎಂ ಬೇಗ ದಾಟುತ್ತದೆ, ಥ್ರಾಟಲ್ ಹಿಂದಕ್ಕೆ ಎಳೆಯಬೇಕು. ಪಿಚ್ ಹೆಚ್ಚಿಸಿದಾಗ ವೇಗ ಬಂತು, ಏರಿಕೆ ಕುಗ್ಗಿತು. ವೇಗವನ್ನು ಜಿಪಿಎಸ್‌ನಲ್ಲಿ ಬೇರೆ ಬೇರೆ ದಿಕ್ಕಿಗೆ ಹಾರಿಸಿ ತೆಗೆದೆವು.

ನಮ್ಮ ರನ್‌ವೇ ಚಿಕ್ಕದು, ತುದಿಯಲ್ಲೇ ಮರಗಳಿವೆ. ಕಡಿಮೆ ಪಿಚ್ಚೇ ಇಟ್ಟುಕೊಂಡಿದ್ದೇವೆ.