‘ನಮ್ಮ ಗಾಡಿ’ ಗುಂಪಿನಲ್ಲಿ ಬ್ರೇಕ್ ಜಗಳ

ಭಾವ: ಶುಕ್ರವಾರ ಡೆವನ್‌ಗೆ ಹೊರಡುತ್ತಿದ್ದೇವೆ, ಕ್ಯಾರವಾನ್ (ಕಾರಿನ ಹಿಂದೆ ಎಳೆಯುವ ನಮ್ಮ ಮನೆಗಾಡಿ) ನಾನೇ ಬಂದು ಎಳೆದುಕೊಂಡು ಹೋಗುತ್ತೇನೆ. ಸರ್ವಿಸ್‌ಗೆ 260 ಪೌಂಡ್ ಅಂತ ಹಾಕಿದ್ದೀಯಲ್ಲ, ಮೂರು ಮನೆಗೆ ಹಂಚಿದರೂ ಅದು ದಂಡ ಕಣೋ. ಹೋದ ವರ್ಷ ತಾನೇ ಕೊಂಡಿದ್ದು, ಎಂಓಟಿ, ಅಂದರೆ ವರ್ಷವರ್ಷದ ಗಾಡಿ ತಪಾಸಣೆ, ಆಗಿಯೇ ಇರುತ್ತೆ.

ನಾನು: ಭಾವ, ಇಂಗ್ಲೆಂಡಿನಲ್ಲಿ ಕ್ಯಾರವಾನ್‌ಗೆ ಎಂಓಟಿನೇ ಇಲ್ಲ. ಎಳೆಯುವ ಕಾರಿಗೆ ಮಾತ್ರ. ನಾವೇ ನೋಡಿಸಬೇಕು, ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ. ಮಾರಿದವನು ‘ಫುಲ್ ಸರ್ವಿಸ್’ ಅಂತ ಕೊಟ್ಟ ಪುಸ್ತಕ ತೆಗೆದು ನೋಡಿದೆ, ಕೊನೆಯ ಸೀಲ್ 2021ರದ್ದು.

ದೊಡ್ಡಣ್ಣ: ಮಂಡ್ಯದಲ್ಲಿ ಟ್ರ್ಯಾಕ್ಟರ್ ಹಿಂದೆ ಟ್ರೇಲರ್ ತುಂಬಾ ಕಬ್ಬು ಹೋಗುತ್ತಲ್ಲ, ಅದಕ್ಕೆ ಯಾವ ಬ್ರೇಕ್ ಇದೆ? ಕಾರಿನ ಬ್ರೇಕ್ ಸಾಕು.

ನಾನು: ಅಣ್ಣಾ, ಅದು ತೆವಳುತ್ತಾ ಹೋಗುತ್ತೆ. ನೀವು ಮೋಟರ್‌ವೇಯಲ್ಲಿ 60 ಮೈಲಿ ವೇಗದಲ್ಲಿ 1,300 ಕೆಜಿ ಎಳೆಯುತ್ತೀರಿ. ಇಲ್ಲಿ 750 ಕೆಜಿ ದಾಟಿದರೆ ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇರಲೇಬೇಕು.

ಅಮ್ಮ: ನಿಮ್ಮಪ್ಪ ಲಾರಿ ಓಡಿಸುವಾಗ ಚಾರ್ಮಾಡಿ ಇಳಿಯುವ ಮುಂಚೆ ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಚಕ್ರ ನೋಡದೆ ಹೊರಡುತ್ತಲೇ ಇರಲಿಲ್ಲ. ಕಬ್ಬಿನ ಗಾಡಿ ಮಾತು ಬೇಡ.

ಅಕ್ಕ: ಅಮ್ಮ ಹೇಳಿದ ಮೇಲೆ ನೆನಪಾಯಿತು. ಹೋದ ಸಲ ವೇಲ್ಸ್‌ನಿಂದ ಬಂದು ನಿಲ್ಲಿಸಿದಾಗ ಎಡಗಡೆ ಚಕ್ರದ ಹತ್ತಿರ ಕೈ ಒಯ್ಯುವುದಕ್ಕೂ ಆಗುತ್ತಿರಲಿಲ್ಲ, ಅಷ್ಟು ಬಿಸಿ. ಬಲಗಡೆ ಮಾಮೂಲಿ ಇತ್ತು.

ನಾನು: ನೋಡಿ! ಎಡಗಡೆ ಬ್ರೇಕ್ ಶೂ (ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ) ಡ್ರಮ್‌ಗೆ, ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿಗೆ, ಉಜ್ಜುತ್ತಾ ಬಂದಿದೆ. ರಿವರ್ಸ್ ತೆಗೆಯುವಾಗ ಗಾಡಿ ಕಚ್ಚಿಕೊಂಡು ನಿಂತಿತು ಅಂದಿದ್ದಿರಲ್ಲ ಭಾವ, ಅದೂ ಇದಕ್ಕೇ ಇರಬೇಕು.

ಭಾವ: ಹ್ಯಾಂಡ್‌ಬ್ರೇಕ್ ಸಡಿಲ ಇತ್ತು. ಕೆಳಗೆ ರಾಡ್ ಹತ್ತಿರ ನಟ್ ತಿರುಗಿಸಿ ಟೈಟ್ ಮಾಡಿದೆ, ಅಷ್ಟೇ. ಐದು ನಿಮಿಷದ ಕೆಲಸ. ಅದಕ್ಕೆ 260 ಯಾಕೆ?

ನಾನು: ಅಲ್ಲೇ ಆಗಿದ್ದು ಎಡವಟ್ಟು. ಈ ಗಾಡಿಯ ಬ್ರೇಕಿಗೆ ಕಾರಿನಿಂದ ಎಣ್ಣೆ ಪೈಪೂ ಬರಲ್ಲ, ವೈರೂ ಬರಲ್ಲ. ಕಾರು ನಿಧಾನ ಆದರೆ ಕ್ಯಾರವಾನ್ ಹಿಂದಿನಿಂದ ತಳ್ಳುತ್ತೆ, ಮುಂದಿನ ಕೊಂಡಿಯ ದಂಡ ಒಳಗೆ ಸರಿಯುತ್ತೆ, ಅದು ಕೆಳಗಿನ ರಾಡ್ ಎಳೆಯುತ್ತೆ, ರಾಡ್ ಕೇಬಲ್ ಎಳೆದು ಡ್ರಮ್ ಒಳಗಿನ ಶೂ ಅಗಲಿಸುತ್ತೆ. ಶೂ ಸವೆದು ಸಡಿಲ ಆಗಿದ್ದರೆ ಮೊದಲು ಚಕ್ರದಲ್ಲಿ ಸರಿಮಾಡಬೇಕು. ಜಾಕ್ ಹಾಕಿ, ಚಕ್ರವನ್ನು ಮುಂದಕ್ಕೆ ಮಾತ್ರ ತಿರುಗಿಸುತ್ತಾ, ಹಿಂದಿನ ತಟ್ಟೆಯ ತೂತಿನಿಂದ ಹಲ್ಲಿನ ಚಕ್ರ ಬಿಗಿ ಮಾಡಿ, ಚಕ್ರ ನಿಂತ ಮೇಲೆ ಸಲೀಸಾಗಿ ತಿರುಗುವಷ್ಟು ಮತ್ತೆ ಸಡಿಲ ಬಿಡಬೇಕು. ಎರಡೂ ಕಡೆ ಆದಮೇಲೆ ಕೊನೆಗೆ ರಾಡ್. ಸೀದಾ ರಾಡನ್ನೇ ಬಿಗಿ ಮಾಡಿದರೆ ಶೂ ಯಾವಾಗಲೂ ಅರ್ಧ ಕಚ್ಚಿಕೊಂಡೇ ಇರುತ್ತೆ, ರಿವರ್ಸ್‌ನಲ್ಲಿ ತಾನಾಗಿ ಬಿಟ್ಟುಕೊಳ್ಳುವ ವ್ಯವಸ್ಥೆಗೆ ಜಾಗವೇ ಸಿಗಲ್ಲ.

ದೊಡ್ಡಣ್ಣ: ಹಾಗಾದರೆ ಭಾನುವಾರ ನಾವೇ ಬಿಚ್ಚೋಣ.

ನಾನು: ಹೊರಗಿನಿಂದ ಅಡ್ಜಸ್ಟ್ ಮಾಡಬಹುದು. ಡ್ರಮ್ ಬಿಚ್ಚುವುದು ಬೇಡ. ಇದು ಆಲ್-ಕೋ ಕಂಪನಿಯ ಆ್ಯಕ್ಸಲ್, ನಡುವಿನ ದೊಡ್ಡ ನಟ್ ಒಂದೇ ಸಲಕ್ಕೆ. ಬಿಚ್ಚಿದರೆ ಹೊಸದೇ ಹಾಕಬೇಕು, ಅದೂ 290 ನ್ಯೂಟನ್ ಮೀಟರ್ ಬಿಗಿಗೆ. ನಮ್ಮ ಹತ್ತಿರ ಇರುವ ಪಾನಾ ಅಷ್ಟು ಎಳೆಯಲ್ಲ.

ಅಕ್ಕ: ಮುಂದೆ ಒಂದು ತೆಳು ವೈರ್ ಇದೆಯಲ್ಲ, ಇವರು ಅದನ್ನ ಜಾಕಿ ವೀಲ್‌ಗೆ, ಅದೇ ಕ್ಯಾರವಾನ್ ಮುಂದಿನ ಪುಟ್ಟ ಚಕ್ರಕ್ಕೆ, ಸುತ್ತಿ ಇಟ್ಟಿದ್ದರು. ಅದು ಏನಕ್ಕೆ?

ನಾನು: ಅಯ್ಯೋ! ಕೊಂಡಿ ಕಳಚಿಕೊಂಡರೆ ಆ ವೈರ್ ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ತುಂಡಾಗಬೇಕು. ಜಾಕಿ ವೀಲ್‌ಗೆ ಸುತ್ತಿದರೆ ಇದ್ದೂ ಇಲ್ಲದ ಹಾಗೆ. ಕಾರಿನ ಕೊಂಡಿ ಹತ್ತಿರ ಅದಕ್ಕೇ ಒಂದು ಬಳೆ ಇದೆ, ಅಲ್ಲಿಗೆ ಹಾಕಬೇಕು. ನೆಲಕ್ಕೆ ತಾಗಬಾರದು, ತಿರುವಿನಲ್ಲಿ ಬಿಗಿಯಲೂಬಾರದು.

ಭಾವ: ಸರಿ ಮಾರಾಯ, ಮಾಡಿಸೋಣ. ಆದರೆ ಹಣ ಮೂರು ಪಾಲು ಯಾಕೆ? ಚಳಿಗಾಲವಿಡೀ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದು ನಿನ್ನ ಅಣ್ಣನ ಅಂಗಳದಲ್ಲಿ. ಶೂ ಅಂಟಿಕೊಂಡಿದ್ದು ಆಗಲೇ.

ದೊಡ್ಡಣ್ಣ: ಇಳಿಜಾರಿನಲ್ಲಿ ಜಾರಿ ಪಕ್ಕದವರ ಕಾರಿಗೆ ಹೊಡೆದಿದ್ದರೆ ನೀವು ಕೊಡುತ್ತಿದ್ದಿರಾ ಭಾವ?

ನಾನು: ಅಣ್ಣಾ, ಅದು ಸಮತಟ್ಟು ಜಾಗ, ಸುಮ್ನೆ ಹೇಳಬೇಡ. ಚಕ್ರಕ್ಕೆ ಅಡ್ಡ ಮರದ ತುಂಡು ಕೊಟ್ಟು ಬ್ರೇಕ್ ಬಿಡು ಅಂತ ಅಕ್ಟೋಬರ್‌ನಲ್ಲೇ ಇದೇ ಗುಂಪಿನಲ್ಲಿ ಬರೆದಿದ್ದೆ, ಮೇಲೆ ಹೋಗಿ ನೋಡು. ನೀನೂ ಭಾವನೂ ತಲಾ 100, ನಾನು 60. ಗುರುವಾರ ಬೆಳಿಗ್ಗೆ ಮೆಕ್ಯಾನಿಕ್ ಬರುತ್ತಾನೆ. ಹೊಸ ನಟ್ ಎರಡು ತರಲು ಹೇಳಿದ್ದೇನೆ, ಬ್ರೇಕ್ ಹಾಕಿದಾಗ ‘ಟಕ್’ ಅಂತ ಹೊಡೆಯುತ್ತಿತ್ತಲ್ಲ, ಕೊಂಡಿಯ ದಂಡದ ಹೊಡೆತ ತಡೆಯುವ ಮುಂದಿನ ಡ್ಯಾಂಪರ್ ಕೂಡ ನೋಡುತ್ತಾನೆ.

ಭಾವ: ಡ್ಯಾಂಪರ್ ಹೋಗಿದ್ದರೆ ಅದರ ದುಡ್ಡು?

ದೊಡ್ಡಣ್ಣ: ಎಳೆದವರೇ ಕೊಡಬೇಕು.

ಅಕ್ಕ: ಮತ್ತೆ ಶುರು.

ನಾನು: ಮೊದಲು ಗುರುವಾರ ಬರಲಿ. ಭಾವ, ಡೆವನ್ ದಾರಿಯಲ್ಲಿ ಮ್ಯಾಪ್ ಏನಾದರೂ ಪೋರ್ಲಾಕ್ ಹಿಲ್ ಕಡೆ ತಿರುಗಿಸಿದರೆ ಹೋಗಬೇಡಿ, ಅದು ನಾಲ್ಕಕ್ಕೊಂದು ಇಳಿಜಾರು. ಹೊಸ ಬ್ರೇಕ್ ಇದ್ದರೂ ಬೇಡ.